ಟೈಮರ್ ಕೈಗೆ ಬೀಗದ ಕೈ ಕೊಡಬೇಡಿ: ಪ್ಯಾಕೇಜ್ ತಡೆಗೆ ಗಡುವು ಇಡುವ ಕ್ರಮ

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತುಮಕೂರಿನಲ್ಲಿ ಕಾಲೇಜು ಲ್ಯಾಬ್ ನೋಡಿಕೊಳ್ಳುವವರು ಕೇಳುತ್ತಾರೆ. ಚಿಂತಾಮಣಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ರಿಪೇರಿ ಮಾಡುವವರು ಕೇಳುತ್ತಾರೆ. ಕೋಲಾರದ ಮಂಡಿಯಲ್ಲಿ ಸರ್ವರ್ ಇಟ್ಟುಕೊಂಡವರೂ ಕೇಳುತ್ತಾರೆ. "ಈ ಪ್ಯಾಕೇಜ್ ಹದಿನೈದು ದಿನ ಅಪ್‌ಡೇಟ್ ಆಗಬಾರದು. ಆಮೇಲೆ ತಾನಾಗೇ ಆಗಬೇಕು. ಅದಕ್ಕೊಂದು ಸ್ಕ್ರಿಪ್ಟ್ ಇದ್ದರೆ ಕೊಡಿ."

ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಇವತ್ತು ತಡೆ ಹಾಕುವುದಕ್ಕೆ ಒಂದು ಸಾಲು, ಹದಿನೈದನೇ ದಿನ ತೆಗೆಯುವುದಕ್ಕೆ ಇನ್ನೊಂದು ಸಾಲು, ಅಷ್ಟೇ. ಮೊದಲ ಸಾಲನ್ನು ಧಾರಾಳವಾಗಿ ಬಳಸಿ. ಎರಡನೆಯದು ಬೇಡ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬದಲಿಗೆ ಏನು ಮಾಡಬೇಕು ಅನ್ನುವುದೂ ಹಂತ ಹಂತವಾಗಿ ಕೆಳಗಿದೆ.

ನಮ್ಮ ಕಡೆ ಕೆರೆಗಳು ಜಾಸ್ತಿ. ನೀರುಗಂಟಿ ತೂಬು ಎತ್ತುವುದನ್ನು ನೀವು ನೋಡಿರಬಹುದು. ಕೆರೆಯಲ್ಲಿ ನೀರೆಷ್ಟಿದೆ ನೋಡುತ್ತಾನೆ. ಕಾಲುವೆ ಎಲ್ಲಾದರೂ ಒಡೆದಿದೆಯಾ ನೋಡಿಕೊಂಡು ಬರುತ್ತಾನೆ. ಗದ್ದೆಯವರನ್ನು ಕೇಳುತ್ತಾನೆ. ತಾರೀಖು ಬಂತು ಅಂತ ಸುಮ್ನೆ ಎತ್ತುವುದಿಲ್ಲ. ಪ್ಯಾಕೇಜ್ ತಡೆಯ ವಿಷಯದಲ್ಲೂ ನನ್ನ ಮಾತು ಇದೇ. ಗಡುವು ಬಂದ ದಿನ ಕಂಪ್ಯೂಟರ್ ನಿಮ್ಮನ್ನು ಕೇಳಲಿ, ತೆಗೆಯುವುದು ನಿಮ್ಮ ಕೈಯಲ್ಲೇ ಇರಲಿ.

ಮೊದಲು ಕೆಲವು ಪದಗಳು

ಪ್ಯಾಕೇಜ್ ಅಂದರೆ ಒಂದು ಸಾಫ್ಟ್‌ವೇರನ್ನು ಇನ್‌ಸ್ಟಾಲ್ ಮಾಡಲು ಬೇಕಾದ್ದೆಲ್ಲ ಸೇರಿಸಿ ಕಟ್ಟಿದ ಗಂಟು. ರೆಪೊಸಿಟರಿ ಅಂದರೆ ಅಂಥ ಗಂಟುಗಳ ಕಣಜ. ನಿಮ್ಮ ಉಬುಂಟು ಅಪ್‌ಡೇಟ್ ತರುವುದು ಅಲ್ಲಿಂದಲೇ. (ಉಬುಂಟು, ಡೆಬಿಯನ್, ಫೆಡೋರಾ, ಜೆಂಟೂ, ಓಪನ್‌ಸೂಸೆ, ಆರ್ಚ್ ಎಲ್ಲವೂ ಲಿನಕ್ಸ್‌ನ ಬೇರೆ ಬೇರೆ ಬಗೆಗಳು.) ಡಿಪೆಂಡೆನ್ಸಿ ಅಂದರೆ ಒಂದು ಪ್ಯಾಕೇಜ್ ಕೆಲಸ ಮಾಡಲು ಇನ್ನೊಂದನ್ನು ನೆಚ್ಚಿಕೊಂಡಿರುವುದು. ಹೋಲ್ಡ್ ಅಂದರೆ "ಈ ಪ್ಯಾಕೇಜನ್ನು ಈಗಿರುವ ವರ್ಷನ್‌ನಲ್ಲೇ ಬಿಡು, ಮುಟ್ಟಬೇಡ" ಅನ್ನುವ ಗುರುತು. ಫೆಡೋರಾದವರು ಇದನ್ನು ವರ್ಷನ್‌ಲಾಕ್ ಅನ್ನುತ್ತಾರೆ. ಜೆಂಟೂ ಬಳಸುವವರ ಮಾತಿನಲ್ಲಿ ಮಾಸ್ಕ್ ಅನ್ನುವುದಿದೆ. ಅದು ಸ್ವಲ್ಪ ಬೇರೆ, "ಈ ವರ್ಷನ್ ಯಾರಿಗೂ ಕಾಣದಿರಲಿ" ಅಂತ ಮುಚ್ಚಿಡುವುದು. ಎಲ್ಲಕ್ಕೂ ಸೇರಿಸಿ ನಾನು ತಡೆ ಅಥವಾ ಬೀಗ ಅನ್ನುತ್ತೇನೆ.

ಲಿನಕ್ಸ್ ಗೊತ್ತಿಲ್ಲದವರಿಗೂ ಗಡುವಿನ ತಡೆ ಹೊಸದಲ್ಲ. ವಿಂಡೋಸ್‌ನಲ್ಲಿ ಅಪ್‌ಡೇಟನ್ನು 35 ದಿನದವರೆಗೆ ಪಾಸ್ ಮಾಡಬಹುದು, ಅಲ್ವಾ? ಅವಧಿ ಮುಗಿದ ಮೇಲೆ ಅದು ನಿಮ್ಮನ್ನು ಕೇಳುವುದಿಲ್ಲ. ಬಾಕಿ ಇರುವುದನ್ನೆಲ್ಲ ತಂದು ಹಾಕುತ್ತದೆ. ಹಾಕಿಕೊಳ್ಳದೆ ಮತ್ತೆ ಪಾಸ್ ಮಾಡಲೂ ಬಿಡುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದಾಗ ನೀಲಿ ಪರದೆಯ ಮೇಲೆ ಶೇಕಡಾವಾರು ಅಂಕಿ ಓಡುತ್ತಿರುವುದನ್ನು ನೋಡುತ್ತಾ ನಿಂತವರಿಗೆ ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗಿರುತ್ತದೆ.

ಬೇಕಾಗುವುದು ಇಷ್ಟು: ಅಡ್ಮಿನ್ ಪಾಸ್‌ವರ್ಡ್, ಪ್ರಯೋಗಕ್ಕೆ ಬಿಟ್ಟುಕೊಡಬಹುದಾದ ಒಂದು ಮೆಷಿನ್, ಇಬ್ಬರೂ ನೋಡಬಹುದಾದ ಒಂದು ಫೈಲ್ ಅಥವಾ ನೋಟ್‌ಬುಕ್, ಮತ್ತು ಎರಡನೇ ವ್ಯಕ್ತಿ. ಎರಡನೇ ವ್ಯಕ್ತಿ ಯಾಕೆ ಅನ್ನುವುದು ಐದನೇ ಹಂತದಲ್ಲಿ ಬರುತ್ತದೆ. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಿ.

ಹಂತ 1: ನಿಮ್ಮ ತಡೆ ಯಾವ ಜಾತಿಯದು ಅಂತ ತೀರ್ಮಾನಿಸಿ

ಎಲ್ಲರೂ ಹಾರಿ ಹೋಗುವ ಹಂತ ಇದು. ದಯವಿಟ್ಟು ಹಾರಬೇಡಿ. ಗಡುವಿನ ತಡೆಯಲ್ಲಿ ಎರಡು ಜಾತಿ ಇವೆ. ಎರಡಕ್ಕೂ ಒಂದೇ ಮದ್ದು ಆಗುವುದಿಲ್ಲ.

ಒಂದು, ಕಾಯುವುದೇ ಉದ್ದೇಶವಾಗಿರುವ ತಡೆ. "ಹೊಸದಾಗಿ ಬಂದ ಯಾವ ವರ್ಷನ್ನನ್ನೂ ಏಳು ದಿನ ಮುಟ್ಟಬೇಡ" ಅನ್ನುವ ನಿಯಮ. ಇದಕ್ಕೆ ಕೂಲ್‌ಡೌನ್ ಅನ್ನುತ್ತಾರೆ. ಇದು ಯಾಕೆ ಬೇಕು ಅಂದರೆ, ಕಳ್ಳರು ಹಾಕಿದ ಕೆಟ್ಟ ವರ್ಷನ್ ಸಾಮಾನ್ಯವಾಗಿ ಬೇಗ ಸಿಕ್ಕಿಬೀಳುತ್ತದೆ. 2025ರ ಸೆಪ್ಟೆಂಬರ್ 8ರಂದು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಕಣಜವಾದ ಎನ್‌ಪಿಎಂ ರೆಪೊಸಿಟರಿಯಲ್ಲಿ ಚಾಕ್, ಡಿಬಗ್ ಸೇರಿ 18 ಪ್ಯಾಕೇಜುಗಳಿಗೆ ಕೆಟ್ಟ ವರ್ಷನ್ ಸೇರಿತು. ಅವುಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ನಕಲಿ ಇಮೇಲ್ ಕಳಿಸಿ ಖಾತೆ ಕದ್ದಿದ್ದರು. ಸುಮಾರು ಎರಡು ಗಂಟೆಯೊಳಗೆ ಅದು ಬಯಲಾಯಿತು. ಒಂದು ದಿನ ಕಾಯುವ ನಿಯಮ ಇಟ್ಟುಕೊಂಡವರಿಗೂ ಏನೂ ಆಗಲಿಲ್ಲ. ಇಂಥ ಕಡೆ ಆಟೊಮ್ಯಾಟಿಕ್ ಆಗಿ ಬಿಡುವುದು ಸರಿಯೇ. ನಾನೂ ಬಳಸುತ್ತೇನೆ.

ಎರಡನೆಯದು, ಏನೋ ಕೆಟ್ಟಿದೆ, ಸರಿಯಾಗುವವರೆಗೆ ಬೇಡ ಅನ್ನುವ ತಡೆ. ಹೊಸ ಪ್ರಿಂಟರ್ ಡ್ರೈವರ್ ಬಂದ ಮೇಲೆ ಬಿಲ್ಲಿನಲ್ಲಿ ಕನ್ನಡ ಅಕ್ಷರ ಒಡೆಯುತ್ತಿದೆ, ಅಥವಾ ಪರೀಕ್ಷೆ ಮುಗಿಯುವವರೆಗೆ ಲ್ಯಾಬ್‌ನಲ್ಲಿ ಪೈಥಾನ್ ಬದಲಾಗಬಾರದು. ಇಲ್ಲಿ ಹದಿನೈದು ದಿನ ಅನ್ನುವುದು ನಿಮ್ಮ ಅಂದಾಜು ಮಾತ್ರ. ಡ್ರೈವರ್ ಸರಿ ಮಾಡುವವರಿಗೆ ನಿಮ್ಮ ಹದಿನೈದು ದಿನ ಗೊತ್ತಿಲ್ಲ. ಪರೀಕ್ಷೆ ಮುಂದಕ್ಕೆ ಹೋದರೆ ಟೈಮರ್‌ಗೆ ಯಾರೂ ಹೇಳುವುದಿಲ್ಲ. ಈ ಜಾತಿಯ ತಡೆಯನ್ನು ತಾರೀಖಿಗೆ ಕಟ್ಟಬೇಡಿ, ಕಾರಣಕ್ಕೆ ಕಟ್ಟಿ.

ಕೂಲ್‌ಡೌನ್ ಒಳ್ಳೆಯದು ಅಂದೆ. ಆದರೆ ಅದನ್ನೂ ಪೂರ್ತಿ ನಂಬುವಂತಿಲ್ಲ. ಎಕ್ಸ್‌ಝಡ್ ಯುಟಿಲ್ಸ್ ಅನ್ನುವ ಪ್ಯಾಕೇಜಿನ ಕತೆ ನೋಡಿ. ಫೈಲುಗಳನ್ನು ಕುಗ್ಗಿಸುವ ಸಣ್ಣ ಸಾಧನ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದರ 5.6.0 ವರ್ಷನ್ 2024ರ ಫೆಬ್ರುವರಿ 24ರಂದು ಬಂತು. ಅದರೊಳಗೆ ಕಳ್ಳಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ನುಗ್ಗುವ ದಾರಿ, ಇತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ತಮ್ಮ ಮೆಷಿನ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅಂತ ಗಮನಿಸಿ, ಅದರ ಬೆನ್ನು ಹತ್ತಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಈಗ ಲೆಕ್ಕ ಹಾಕಿ. ಹದಿನಾಲ್ಕು ದಿನದ ತಡೆ ಮಾರ್ಚ್ 9ಕ್ಕೆ ತೆರೆಯುತ್ತಿತ್ತು. ಕಳ್ಳಬಾಗಿಲಿದ್ದ ಎರಡನೇ ವರ್ಷನ್ 5.6.1 ಬಿಡುಗಡೆಯಾದ ದಿನವೇ ಅದು. ಮೂವತ್ತು ದಿನದ ತಡೆ ಮಾರ್ಚ್ 25ಕ್ಕೆ ತೆರೆಯುತ್ತಿತ್ತು, ವಿಷಯ ಬಯಲಾಗುವುದಕ್ಕೆ ನಾಲ್ಕು ದಿನ ಮುಂಚೆ. ಡೆಬಿಯನ್‌ನ ಸ್ಟೇಬಲ್, ಅಂದರೆ ಪರೀಕ್ಷೆ ಮುಗಿಸಿದ ಸ್ಥಿರ ಆವೃತ್ತಿ, ಬಳಸುತ್ತಿದ್ದವರಿಗೆ ಆ ವರ್ಷನ್ ತಲುಪಿಯೇ ಇರಲಿಲ್ಲ. ಲ್ಯಾಬ್, ಅಂಗಡಿ, ಸಹಕಾರ ಸಂಘಗಳ ಕಂಪ್ಯೂಟರಿಗೆ ಸ್ಟೇಬಲ್ ಅಥವಾ ಎಲ್‌ಟಿಎಸ್ (ಹೆಚ್ಚು ವರ್ಷ ಬೆಂಬಲ ಸಿಗುವ ಆವೃತ್ತಿ) ಹಾಕಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಕೂಲ್‌ಡೌನ್ ಹಾಕುವವರು ಎರಡು ಕಡೆ ಎಡವುತ್ತಾರೆ. ಎನ್‌ಪಿಎಂ ಪ್ಯಾಕೇಜುಗಳನ್ನು ತಂದು ಹಾಕುವ ಪಿಎನ್‌ಪಿಎಂ ಅನ್ನುವ ಸಾಧನದಲ್ಲಿ 10.16ನೇ ವರ್ಷನ್‌ನಿಂದ ಮಿನಿಮಮ್ ರಿಲೀಸ್ ಏಜ್ ಅನ್ನುವ ಸೆಟ್ಟಿಂಗ್ ಇದೆ. ಅದರ ಲೆಕ್ಕ ನಿಮಿಷಗಳಲ್ಲಿ. ಏಳು ದಿನಕ್ಕೆ 10080 ಅಂತ ಬರೆಯಬೇಕು. 7 ಅಂತ ಬರೆದರೆ ಏಳು ನಿಮಿಷ ಕಾಯುತ್ತದೆ. ಇನ್ನೊಂದು, ತುರ್ತು ಭದ್ರತಾ ತಿದ್ದುಪಡಿ ಬಂದರೆ ಅದೂ ಏಳು ದಿನ ತಡವಾಗುತ್ತದೆ. ಆಗ ಆ ಒಂದು ಪ್ಯಾಕೇಜನ್ನು ಮಾತ್ರ ವಿನಾಯಿತಿ ಪಟ್ಟಿಗೆ ಸೇರಿಸಿ. ಇಡೀ ನಿಯಮವನ್ನು ತೆಗೆದು ಹಾಕಬೇಡಿ.

ಇನ್ನು ಮುಂದೆ ಹೇಳುವುದೆಲ್ಲ ಎರಡನೇ ಜಾತಿಯ ತಡೆಗೆ.

ಹಂತ 2: ಬೀಗ ಹಾಕುವ ಮುಂಚೆ ಕಾರಣ ಬರೆಯಿರಿ

ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನದ ಹೆಸರು ಎಪಿಟಿ. ಅದರ ಎಪಿಟಿ-ಮಾರ್ಕ್ ಹೋಲ್ಡ್ ಅನ್ನುವ ಕಮಾಂಡ್ ಬೀಗ ಹಾಕುತ್ತದೆ, ಸರಿ. ಆದರೆ ಯಾರು ಹಾಕಿದರು, ಯಾವತ್ತು, ಯಾಕೆ, ಇದ್ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಆರು ತಿಂಗಳ ನಂತರ ಬಂದು ನೋಡಿದರೆ ಪ್ಯಾಕೇಜಿನ ಹೆಸರು ಮಾತ್ರ ಕಾಣುತ್ತದೆ. ಅದಕ್ಕೇ ಹಂಚಿಕೊಂಡ ಫೈಲಿನಲ್ಲಿ ಒಂದೊಂದು ಬೀಗಕ್ಕೆ ಒಂದೊಂದು ಸಾಲು ಬರೆಯಿರಿ. ಪ್ಯಾಕೇಜ್ ಹೆಸರು, ಈಗಿರುವ ವರ್ಷನ್, ಬೇಡವಾದ ವರ್ಷನ್, ಕಾರಣ, ಹಾಕಿದವರ ಹೆಸರು, ಹಾಕಿದ ದಿನ, ಮತ್ತೆ ನೋಡಬೇಕಾದ ದಿನ, ಏನಾದರೆ ತೆಗೆಯಬಹುದು ಅನ್ನುವ ಷರತ್ತು.

ಷರತ್ತು ಕೈಯಲ್ಲಿ ಹಿಡಿದು ನೋಡುವಂತಿರಲಿ. "ಸರಿಯಾದ ಮೇಲೆ" ಅಂತ ಬರೆದರೆ ಉಪಯೋಗವಿಲ್ಲ. "ಹೊಸ ಡ್ರೈವರ್‌ನಲ್ಲಿ ಒತ್ತಕ್ಷರ ಇರುವ ಮೂರು ಬಿಲ್ ಸರಿಯಾಗಿ ಪ್ರಿಂಟ್ ಆದರೆ" ಅಂತ ಬರೆಯಿರಿ. ನೀವು ರಜೆಯಲ್ಲಿದ್ದರೂ ಬೇರೆಯವರು ಪರೀಕ್ಷಿಸಬಹುದು.

ಜೆಂಟೂದವರಲ್ಲಿ ಈ ಶಿಸ್ತು ಇದೆ. ಅವರ ಪ್ಯಾಕೇಜ್ ಮಾಸ್ಕ್ ಫೈಲಿನಲ್ಲಿ ಪ್ರತಿ ತಡೆಯ ಮೇಲೂ ಹಾಕಿದವರ ಹೆಸರು, ತಾರೀಖು, ಕಾರಣ ಇರಬೇಕು. ಡೆಬಿಯನ್, ಉಬುಂಟುಗಳಲ್ಲೂ ದಾರಿ ಇದೆ. ಎಪಿಟಿಯ ಪ್ರಿಫರೆನ್ಸಸ್ ಫೈಲಿನ ಮೂಲಕ ತಡೆ ಹಾಕಿದರೆ, ಅಲ್ಲೇ ಎಕ್ಸ್‌ಪ್ಲನೇಷನ್ ಅಂತ ಶುರುವಾಗುವ ಸಾಲು ಸೇರಿಸಬಹುದು. ಎಪಿಟಿ ಅದನ್ನು ಓದದೆ ಮುಂದೆ ಹೋಗುತ್ತದೆ. ಮನುಷ್ಯರಿಗೆ ಕಾರಣ ಬೀಗದ ಪಕ್ಕದಲ್ಲೇ ಸಿಗುತ್ತದೆ.

ಹಂತ 3: ಬೀಗ ಹಾಕಿ, ಬಿದ್ದಿದೆಯಾ ನೋಡಿ

ಉಬುಂಟು, ಡೆಬಿಯನ್‌ಗೆ ಸುಡೊ ಎಪಿಟಿ-ಮಾರ್ಕ್ ಹೋಲ್ಡ್, ಮುಂದೆ ಪ್ಯಾಕೇಜಿನ ಹೆಸರು. (ಸುಡೊ ಅಂದರೆ ಕಮಾಂಡನ್ನು ಅಡ್ಮಿನ್ ಹಕ್ಕಿನಲ್ಲಿ ಓಡಿಸುವುದು.) ಫೆಡೋರಾಗೆ ಡಿಎನ್‌ಎಫ್ ವರ್ಷನ್‌ಲಾಕ್ ಆಡ್. ಓಪನ್‌ಸೂಸೆಗೆ ಝಿಪ್ಪರ್ ಆಡ್‌ಲಾಕ್. ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್ ಸೆಟ್ಟಿಂಗ್ಸ್ ಫೈಲಿನ ಇಗ್ನೋರ್‌ಪಿಕೆಜಿ (IgnorePkg) ಸಾಲು. ಉಬುಂಟು, ಡೆಬಿಯನ್‌ನಲ್ಲಿ ಹಾಕಿದ ಮೇಲೆ ಎಪಿಟಿ-ಮಾರ್ಕ್ ಶೋಹೋಲ್ಡ್ ಕೊಟ್ಟು ಪಟ್ಟಿ ನೋಡಿ.

ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಬರುವುದು ಸ್ನ್ಯಾಪ್ ಅನ್ನುವ ಬೇರೆಯೇ ಪ್ಯಾಕೇಜ್ ವ್ಯವಸ್ಥೆಯ ಮೂಲಕ. ಅದಕ್ಕೆ ಎಪಿಟಿ ಬೀಗ ಹತ್ತುವುದಿಲ್ಲ. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನಾಗೇ ಅಪ್‌ಡೇಟ್ ಹುಡುಕುತ್ತದೆ. ಅದಕ್ಕೆ ಬೇರೆ ಹೋಲ್ಡ್ ಇದೆ. 72 ಗಂಟೆ ಅಂತ ಅವಧಿ ಕೊಡಬಹುದು, ಅವಧಿ ಕೊಡದೆ ನೀವೇ ತೆಗೆಯುವವರೆಗೂ ಇಡಬಹುದು. ಅವಧಿ ಕೊಟ್ಟರೆ ಅದು ಮುಗಿದ ತಕ್ಷಣ ಅಪ್‌ಡೇಟ್ ಯಾವಾಗ ಬೇಕಾದರೂ ಬರಬಹುದು. ಪರೀಕ್ಷೆಯ ಲ್ಯಾಬ್‌ಗೆ ನಾನು ಅವಧಿಯಿಲ್ಲದ ಹೋಲ್ಡ್ ಹಾಕಿ, ಹಂತ 5ರ ನೆನಪೋಲೆ, ಅಂದರೆ ಗಡುವು ನೆನಪಿಸುವ ಸಂದೇಶ, ಇಡುತ್ತೇನೆ.

ವರ್ಷನ್ ನಂಬರಿಗೆ ಬೀಗ ಹಾಕುವವರು ಒಂದು ವಿಷಯ ಗಮನಿಸಿ. ಎಕ್ಸ್‌ಝಡ್ ಗಲಾಟೆಯಾದಾಗ ಡೆಬಿಯನ್‌ನವರು ಹಳೆಯ ಒಳ್ಳೆಯ 5.4.5 ಅನ್ನು ವಾಪಸ್ ತಂದರು. ಆದರೆ ನಂಬರ್ ಹಿಂದಕ್ಕೆ ಹೋದರೆ ಕಂಪ್ಯೂಟರುಗಳು ಅದನ್ನು ಅಪ್‌ಡೇಟ್ ಅಂತ ಒಪ್ಪುವುದಿಲ್ಲ. ಅದಕ್ಕೆ ಅವರು ಕೊಟ್ಟ ಹೆಸರು 5.6.1+ರಿಯಲಿ5.4.5. ಹೊರಗೆ 5.6.1, ಒಳಗೆ 5.4.5. "5.6.1 ಅಂತ ಶುರುವಾಗುವುದೆಲ್ಲ ಬೇಡ" ಅಂತ ಯಾರಾದರೂ ತಡೆ ಬರೆದಿದ್ದರೆ ಅದು ಮದ್ದನ್ನೇ ತಡೆಯುತ್ತಿತ್ತು. ಹಾಗಾಗಿ ನಕ್ಷತ್ರ ಚಿಹ್ನೆ ಹಾಕಿ ಅಗಲವಾದ ತಡೆ ಬರೆಯಬೇಡಿ. ಕೆಟ್ಟ ವರ್ಷನ್ನಿನ ಪೂರ್ತಿ ಹೆಸರು ಬರೆಯಿರಿ.

ಹಾಗೇ, ಈಗಿರುವ ವರ್ಷನ್ನಿನ ಡೆಬ್ ಫೈಲನ್ನು (ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಬರುವ ಫೈಲ್) ಬೇರೆ ಫೋಲ್ಡರಿಗೆ ಕಾಪಿ ಮಾಡಿಡಿ. ಉಬುಂಟುವಿನ ಅಪ್‌ಡೇಟ್ಸ್ ಕಣಜದಲ್ಲಿ ಹೊಸದು ಬಂದ ಮೇಲೆ ಹಿಂದಿನ ಅಪ್‌ಡೇಟ್ ಉಳಿಯುವುದಿಲ್ಲ. ವಾಪಸ್ ಹೋಗಬೇಕು ಅನ್ನಿಸಿದ ದಿನ ಹುಡುಕಾಡುವಂತಾಗಬಾರದು.

ಹಂತ 4: ಟೈಮರ್ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ತಿಳಿದುಕೊಳ್ಳಿ

"ತಾರೀಖು ನೋಡಿ ಬೀಗ ತೆಗೆಯುವುದು ಅಷ್ಟು ಕಷ್ಟವಾ?" ಅಂತ ಕೇಳುವವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನೆನಪೋಲೆ ಟೈಮರ್ ಇಡುವಾಗಲೂ ಇದೇ ತಪ್ಪುಗಳಾಗುತ್ತವೆ. ಆದರೆ ನೆನಪೋಲೆ ತಪ್ಪಿದರೆ ಒಂದು ಸಂದೇಶ ಅತ್ತಿತ್ತ ಆಗುತ್ತದೆ. ಬೀಗ ತೆಗೆಯುವುದು ತಪ್ಪಿದರೆ ಕೆಲಸವೇ ನಿಲ್ಲುತ್ತದೆ.

ಕ್ರಾನ್ ಅನ್ನುವುದು ಲಿನಕ್ಸ್‌ನ ಹಳೆಯ ಅಲಾರಂ. ಅದರಲ್ಲಿ ನಿಮಿಷ, ಗಂಟೆ, ದಿನ, ತಿಂಗಳು, ವಾರ ಇವೆ. ವರ್ಷ ಇಲ್ಲ. ಮಾರ್ಚ್ 15ಕ್ಕೆ ಬೀಗ ತೆಗೆ ಅಂತ ಒಂದು ಸಾಲು ಬರೆದು ಮರೆತರೆ, ಮುಂದಿನ ಮಾರ್ಚ್ 15ಕ್ಕೂ ಅದು ಓಡುತ್ತದೆ. ಆ ಹೊತ್ತಿಗೆ ಅದೇ ಪ್ಯಾಕೇಜಿಗೆ ಬೇರೆ ಕಾರಣಕ್ಕೆ ಹೊಸ ಬೀಗ ಹಾಕಿರುತ್ತೀರಿ. ಅದೂ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ.

ಕರೆಂಟ್ ವಿಷಯಕ್ಕೆ ಬನ್ನಿ. ಕ್ರಾನ್ ಓಡಬೇಕಾದ ಹೊತ್ತಿಗೆ ಮೆಷಿನ್ ಆಫ್ ಆಗಿದ್ದರೆ ಆ ಕೆಲಸ ತಪ್ಪಿಯೇ ಹೋಗುತ್ತದೆ. ಕ್ರಾನ್‌ಗಿಂತ ಹೊಸದಾದ ಸಿಸ್ಟಮ್‌ಡಿ ಟೈಮರ್‌ನಲ್ಲಿ ಪರ್ಸಿಸ್ಟೆಂಟ್ ಅನ್ನುವುದನ್ನು ಆನ್ ಮಾಡಿದರೆ, ತಪ್ಪಿದ ಕೆಲಸವನ್ನು ಮೆಷಿನ್ ಆನ್ ಆದ ಕೂಡಲೇ ಮಾಡುತ್ತದೆ. ದಸರಾ ರಜೆಯಲ್ಲಿ ಲ್ಯಾಬ್ ಬಾಗಿಲು ಹಾಕಿರುತ್ತೀರಿ. ಗಡುವು ರಜೆಯ ನಡುವೆ ಬರುತ್ತದೆ. ರಜೆ ಮುಗಿದ ಬೆಳಿಗ್ಗೆ ನಲವತ್ತು ಮೆಷಿನ್ ಒಟ್ಟಿಗೆ ಆನ್ ಆಗುತ್ತವೆ, ನಲವತ್ತರಲ್ಲೂ ಬೀಗ ಒಟ್ಟಿಗೆ ತೆರೆದುಕೊಳ್ಳುತ್ತದೆ. ಮಕ್ಕಳು ಬಂದು ಕೂತಿರುತ್ತಾರೆ.

ಗಡಿಯಾರವೇ ಸುಳ್ಳು ಹೇಳಬಹುದು. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲೆ ಒಂದು ಸಣ್ಣ ಬಟನ್ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಅದು ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ರಾಸ್ಪ್‌ಬೆರಿ ಪೈ 4ರಲ್ಲಂತೂ ಗಡಿಯಾರಕ್ಕೆ ಸೆಲ್ಲೇ ಇಲ್ಲ, ನೆಟ್ ಬಂದ ಮೇಲೇ ಸರಿಯಾದ ಸಮಯ ಸಿಗುವುದು. ತಾರೀಖು ಹಿಂದಿದ್ದರೆ ಎಪಿಟಿ ಕೂಡ "ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ" ಅನ್ನುವ ಅರ್ಥದ ಸಂದೇಶ ಕೊಟ್ಟು ಅಪ್‌ಡೇಟ್ ನಿಲ್ಲಿಸುತ್ತದೆ. ಆ ಸಂದೇಶ ಕಂಡರೆ ಮೊದಲು ಸೆಲ್ ಬದಲಿಸಿ.

ಸಮಯದ ವಲಯವೂ ಇದೆ. ಕ್ಲೌಡ್ ಸರ್ವರ್‌ಗಳು ಹೆಚ್ಚಾಗಿ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಓಡುತ್ತವೆ. ಅಲ್ಲಿ ಮಧ್ಯರಾತ್ರಿಯಾದಾಗ ನಮಗೆ ಬೆಳಿಗ್ಗೆ 5.30. ಕೋಲಾರದ ಟೊಮೆಟೊ ಮಂಡಿಯಲ್ಲಿ ಸೀಸನ್ ಹೊತ್ತು ಅಂದರೆ ಆಗಲೇ ಗಾಡಿಗಳು ನಿಂತಿರುತ್ತವೆ. ಬೀಗ ತೆರೆಯಲು ಅದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ.

ತಾರೀಖು ಬರೆಯುವ ರೀತಿಯೂ ತೊಂದರೆ ಕೊಡುತ್ತದೆ. 05/04/2026 ಅನ್ನುವುದು ನಮಗೆ ಏಪ್ರಿಲ್ 5. ಎಷ್ಟೋ ಸಾಫ್ಟ್‌ವೇರ್‌ಗೆ ಮೇ 4. ಯಾವಾಗಲೂ ವರ್ಷ ಮೊದಲು ಬರುವಂತೆ 2026-04-05 ಅಂತ ಬರೆಯಿರಿ. ಇನ್ನು "15ರವರೆಗೆ" ಅನ್ನುವ ನಮ್ಮ ಮಾತು. 15 ಸೇರಿಯಾ, 14ಕ್ಕೆ ಮುಗಿಯಿತಾ? ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. "16ರ ಬೆಳಿಗ್ಗೆ 11ಕ್ಕೆ ನೋಡಬೇಕು" ಅಂತ ಬರೆದರೆ ಗೊಂದಲವಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಖಾಲಿ ತಾರೀಖು. ಲಿನಕ್ಸ್‌ನ ಡೇಟ್ ಕಮಾಂಡಿಗೆ ಏನೂ ಬರೆಯದ ಖಾಲಿ ಜಾಗ ಕೊಟ್ಟರೆ ಅದು ತಪ್ಪು ಅನ್ನುವುದಿಲ್ಲ. ಇವತ್ತಿನ ದಿನ ಶುರುವಾದ ಮಧ್ಯರಾತ್ರಿ (00:00) ಅಂತ ಓದಿಕೊಳ್ಳುತ್ತದೆ. ಪಟ್ಟಿಯಲ್ಲಿ ಒಬ್ಬರು ತಾರೀಖು ಬರೆಯಲು ಮರೆತರು ಅನ್ನಿ. ಬೀಗ ತೆಗೆಯುವ ಸ್ಕ್ರಿಪ್ಟಿಗೆ ಅದು "ಗಡುವು ಆಗಲೇ ಮುಗಿದಿದೆ" ಅಂತ ಕಾಣುತ್ತದೆ. ಮನುಷ್ಯನ ಮರೆವು ನೇರವಾಗಿ ಬೀಗ ತೆರೆಯುತ್ತದೆ.

ಹಂತ 5: ಟೈಮರ್‌ಗೆ ನೆನಪಿಸುವ ಕೆಲಸ ಮಾತ್ರ ಕೊಡಿ

ಎರಡು ಮೂರು ಮೆಷಿನ್ ಇರುವವರಿಗೆ ಫೋನಿನ ಕ್ಯಾಲೆಂಡರ್ ಸಾಕು. ಗಡುವಿಗೆ ಒಂದು ವಾರ ಮುಂಚೆ ಒಂದು ನೆನಪು, ಆ ದಿನ ಒಂದು. ಎರಡನೇ ವ್ಯಕ್ತಿಯನ್ನೂ ಅದಕ್ಕೆ ಸೇರಿಸಿ. ನಿಮಗೆ ಜ್ವರ ಬಂದ ದಿನವೇ ಗಡುವು ಬರಬಹುದು.

ಜಾಸ್ತಿ ಮೆಷಿನ್ ಇದ್ದರೆ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಅದು ದಿನಕ್ಕೊಮ್ಮೆ ಹಂತ 2ರ ಫೈಲ್ ಓದಲಿ. ಗಡುವು ಮುಗಿದ ಸಾಲು, ತಾರೀಖು ಖಾಲಿ ಇರುವ ಸಾಲು, ತಾರೀಖು ಅರ್ಥವಾಗದ ಸಾಲು, ಮೂರನ್ನೂ ಇಬ್ಬರಿಗೂ ಮೇಲ್ ಮಾಡಲಿ. ಬಿಟ್ಟುಹೋದ ಬೀಗವೂ ಸಿಗಬೇಕಲ್ವಾ, ಅದಕ್ಕೆ ಶೋಹೋಲ್ಡ್ ಪಟ್ಟಿಯಲ್ಲಿದ್ದು ಫೈಲಿನಲ್ಲಿ ಇಲ್ಲದ ಹೆಸರುಗಳನ್ನೂ ಹೇಳಲಿ. ಮೇಲ್ ಯಾರೂ ಓದುವುದಿಲ್ಲ ಅನ್ನುವ ಕಡೆ, ಆ ಸ್ಕ್ರಿಪ್ಟ್ ಪಟ್ಟಿಯನ್ನು ಒಂದು ಫೈಲಿಗೆ ಬರೆಯಲಿ. ಆ ಫೈಲನ್ನು ತೋರಿಸುವ ಒಂದು ಸಾಲನ್ನು ಮಾತ್ರ ಉಬುಂಟುವಿನ ಅಪ್‌ಡೇಟ್-ಎಂಒಟಿಡಿ.ಡಿ ಫೋಲ್ಡರಿನಲ್ಲಿ ಇಟ್ಟರೆ, ಸರ್ವರ್‌ಗೆ ಟರ್ಮಿನಲ್‌ನಿಂದ ಲಾಗಿನ್ ಆದವರ ಮುಂದೆ ಆ ಪಟ್ಟಿ ಕಾಣುತ್ತದೆ. ಸ್ಕ್ರಿಪ್ಟನ್ನೇ ಅಲ್ಲಿ ಇಡಬೇಡಿ, ಆ ಫೋಲ್ಡರಿನಲ್ಲಿರುವುದು ಅಡ್ಮಿನ್ ಹಕ್ಕಿನಲ್ಲಿ ಓಡುತ್ತದೆ.

ಈಗ ಹೇಳುವುದನ್ನು ಮರೆಯಬೇಡಿ. ದಿನದಿನದ ಆ ನೆನಪೋಲೆ ಸ್ಕ್ರಿಪ್ಟನ್ನು ಸಾಮಾನ್ಯ ಯೂಸರ್ ಹೆಸರಿನಲ್ಲಿ ಓಡಿಸಿ. ಸುಡೊ ಕೊಡಬೇಡಿ. ಫೈಲ್ ಓದಲು, ಪಟ್ಟಿ ನೋಡಲು ಅಡ್ಮಿನ್ ಹಕ್ಕು ಬೇಕಿಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲಿ ಏನೇ ತಪ್ಪಿದ್ದರೂ ಅದು ಬೀಗ ತೆಗೆಯಲಾರದು, ಯಾಕೆಂದರೆ ಅದರ ಕೈಯಲ್ಲಿ ಬೀಗದ ಕೈಯೇ ಇಲ್ಲ.

ಯಾರೂ ಉತ್ತರ ಕೊಡದಿದ್ದರೆ ಏನು ಗತಿ? ಬೀಗ ಹಾಗೇ ಇರುತ್ತದೆ. ಅದೂ ಪುಕ್ಕಟೆಯಲ್ಲ. ಬೀಗ ಬಿದ್ದ ಪ್ಯಾಕೇಜಿಗೆ ಭದ್ರತಾ ತಿದ್ದುಪಡಿ ಬರುವುದಿಲ್ಲ. ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳೂ ನಿಲ್ಲುತ್ತವೆ. ಕೊನೆಗೆ "ಹೆಲ್ಡ್ ಬ್ರೋಕನ್ ಪ್ಯಾಕೇಜಸ್" ಅನ್ನುವ ಎರರ್ ಬರುತ್ತದೆ. ಹಾಗಾಗಿ ನಾನು ಪ್ಯಾಕೇಜ್ ನೋಡಿ ಅವಧಿ ಇಡುತ್ತೇನೆ. ಬ್ರೌಸರ್, ಓಪನ್‌ಎಸ್‌ಎಸ್‌ಎಲ್, ಎಸ್‌ಎಸ್‌ಎಚ್ ಥರದ ಹೊರಜಗತ್ತಿಗೆ ತೆರೆದಿರುವ ಪ್ಯಾಕೇಜಿಗೆ ಒಂದು ವಾರಕ್ಕಿಂತ ಜಾಸ್ತಿ ಬೀಗ ಬೇಡ. ಏಳನೇ ದಿನ ಯಾರಾದರೂ ಕೂತು ತೀರ್ಮಾನ ಮಾಡಲೇಬೇಕು. ಪ್ರಿಂಟರ್ ಡ್ರೈವರ್, ಫಾಂಟ್ ಥರದ್ದು ಎರಡು ತಿಂಗಳು ಕಾದರೂ ನಡೆಯುತ್ತದೆ.

ಹಂತ 6: ತೆಗೆಯುವ ದಿನ

ಮೊದಲು ಷರತ್ತು ಓದಿ. ಈಡೇರಿಲ್ಲ ಅಂದರೆ ಹೊಸ ತಾರೀಖು ಬರೆದು, ಯಾಕೆ ಮುಂದಕ್ಕೆ ಹಾಕಿದಿರಿ ಅಂತ ಒಂದು ಸಾಲು ಸೇರಿಸಿ ಬಿಡಿ.

ಈಡೇರಿದೆ ಅಂದರೆ ಪ್ರಯೋಗದ ಮೆಷಿನ್‌ನಲ್ಲಿ ಮಾತ್ರ ಬೀಗ ತೆಗೆಯಿರಿ. ಎಪಿಟಿ-ಗೆಟ್‌ಗೆ ಅಡ್ಡಗೆರೆ ಎಸ್ ಸೇರಿಸಿ, ಮುಂದೆ ಡಿಸ್ಟ್-ಅಪ್‌ಗ್ರೇಡ್ ಅಂತ ಕೊಡಿ. ಅದು ಏನನ್ನೂ ಮುಟ್ಟದೆ, ಏನೇನು ಮಾಡುತ್ತೇನೆ ಅಂತ ತೋರಿಸುತ್ತದೆ. ಇನ್‌ಸ್ಟ್ ಅಂತ ಶುರುವಾಗುವ ಸಾಲು ಹಾಕುವುದು. ರೆಮ್‌ವ್ ಅಂತ ಶುರುವಾಗುವ ಸಾಲು ತೆಗೆದುಹಾಕುವುದು. ರೆಮ್‌ವ್ ಒಂದು ಸಾಲು ಕಂಡರೂ ನಿಲ್ಲಿಸಿ, ಯಾವ ಪ್ಯಾಕೇಜ್ ಹೋಗುತ್ತಿದೆ ಅಂತ ನೋಡಿ. ಒಂದು ಬೀಗ ತೆಗೆದಾಗ ಅದರ ಹಿಂದೆ ತಿಂಗಳಿನಿಂದ ಕಾದಿದ್ದ ಇಪ್ಪತ್ತು ಪ್ಯಾಕೇಜ್ ಒಟ್ಟಿಗೆ ನುಗ್ಗಬಹುದು. ಡೇಟಾಬೇಸ್ ಪ್ಯಾಕೇಜ್ ಆದರೆ ಮೊದಲು ಡೇಟಾದ ಬ್ಯಾಕಪ್ ತೆಗೆಯಿರಿ. ಹೊಸ ವರ್ಷನ್ ಡೇಟಾದ ರೂಪವನ್ನೇ ಬದಲಿಸಿದರೆ ಹಳೆಯದಕ್ಕೆ ವಾಪಸ್ ಬರಲು ಆಗದಿರಬಹುದು.

ಪ್ರಯೋಗದ ಮೆಷಿನ್‌ನಲ್ಲಿ ನಿಜವಾದ ಕೆಲಸ ಮಾಡಿ ನೋಡಿ. ಬಿಲ್ ಪ್ರಿಂಟ್ ಮಾಡಿ, ವಿದ್ಯಾರ್ಥಿಯ ಪ್ರೋಗ್ರಾಂ ಓಡಿಸಿ. ಒಂದು ದಿನ ಬಿಟ್ಟು ಇನ್ನು ಮೂರು ಮೆಷಿನ್, ಆಮೇಲೆ ಉಳಿದವು.

ಬೀಗ ತೆಗೆಯಲು ಪ್ಯಾಕೇಜಿನ ಹೆಸರು ಬರೆದೇ ಅನ್‌ಹೋಲ್ಡ್ ಮಾಡಿ. ಶೋಹೋಲ್ಡ್ ಪಟ್ಟಿಯನ್ನು ಇಡಿಯಾಗಿ ಅನ್‌ಹೋಲ್ಡ್‌ಗೆ ಕೊಡುವ ಒಂದು ಸಾಲಿನ ಕಮಾಂಡ್ ಅಲ್ಲಲ್ಲಿ ಸಿಗುತ್ತದೆ. ಬಳಸಬೇಡಿ. ನೀವು ಹಾಕಿದ ಬೀಗದ ಜೊತೆ ಬೇರೆಯವರು ಹಾಕಿದ್ದೂ ತೆರೆದುಕೊಳ್ಳುತ್ತದೆ.

ಹೊತ್ತು ನೋಡಿ ತೆಗೆಯಿರಿ. ಉಬುಂಟುವಿನಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅನ್ನುವುದು ಭದ್ರತಾ ಅಪ್‌ಡೇಟುಗಳನ್ನು ತಾನಾಗೇ ಹಾಕುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ 7ರೊಳಗೆ. ಹೋಲ್ಡ್ ಇರುವ ಪ್ಯಾಕೇಜನ್ನು ಅದು ಬಿಡುತ್ತದೆ. ರಾತ್ರಿ ಒಂದು ಟೈಮರ್ ಬೀಗ ತೆಗೆದರೆ ಬೆಳಿಗ್ಗೆ ಇನ್ನೊಂದು ಟೈಮರ್ ಒಳಗೆ ನುಗ್ಗುತ್ತದೆ. ಎರಡರ ನಡುವೆ ಮನುಷ್ಯರು ಯಾರೂ ಇರುವುದಿಲ್ಲ. ತುಮಕೂರಿನ ಒಂದು ಅಂಗಡಿಯಲ್ಲಿ ಹೀಗೇ ಆಗಿ, ಬೆಳಿಗ್ಗೆ ಹತ್ತಕ್ಕೆ ಬಿಲ್ ಬರದೆ ಜನ ಸಾಲುಗಟ್ಟಿ ನಿಂತಿದ್ದರು. ಸರಿ ಮಾಡಲು ಹೋದ ನನಗೆ ಏನು ಬದಲಾಯಿತು ಅಂತ ತಿಳಿಯಲು ಎರಡು ಗಂಟೆ ಹಿಡಿಯಿತು. ಯಾರೂ ಏನೂ ಮುಟ್ಟಿರಲಿಲ್ಲವಲ್ಲ. ನೀವು ಬೆಳಿಗ್ಗೆ ಹನ್ನೊಂದರ ಮೇಲೆ, ವಾರದ ನಡುವೆ, ಎದುರಿಗೇ ಕೂತು ತೆಗೆಯಿರಿ. ಶನಿವಾರ ಸಂಜೆ ಬೇಡ.

ಹಂತ 7: ನಿಮ್ಮದೇ ರೆಪೊಸಿಟರಿ ಇದ್ದರೆ

ಲ್ಯಾಬ್‌ನಲ್ಲಿ ಮಿರರ್, ಅಂದರೆ ಕಣಜದ ಸ್ಥಳೀಯ ನಕಲು, ಇಟ್ಟುಕೊಂಡವರು ಪ್ರತಿ ಮೆಷಿನ್‌ಗೂ ಬೀಗ ಹಾಕಬೇಕಿಲ್ಲ. ಆಪ್ಟ್ಲಿ ಅನ್ನುವ ಸಾಧನದಲ್ಲಿ ಸ್ನ್ಯಾಪ್‌ಶಾಟ್ ತೆಗೆದು, ಅಂದರೆ ಇವತ್ತಿನ ಕಣಜವನ್ನು ಹಾಗೇ ಹಿಡಿದಿಟ್ಟು, ಅದನ್ನೇ ಎಲ್ಲರಿಗೂ ಕೊಡಿ. ಹೊಸ ಸ್ನ್ಯಾಪ್‌ಶಾಟ್ ಪ್ರಯೋಗದ ಮೆಷಿನ್‌ನಲ್ಲಿ ಗೆದ್ದರೆ ಬದಲಿಸಿ, ಕೆಟ್ಟರೆ ಹಳೆಯದನ್ನು ಮತ್ತೆ ಪಬ್ಲಿಶ್ ಮಾಡಿ. ಆದರೆ ಇಲ್ಲಿ ಒಂದು ತಪ್ಪು ಎಲ್ಲ ಮೆಷಿನ್‌ಗೂ ಒಂದೇ ಸಲ ಹೋಗುತ್ತದೆ. ಸ್ನ್ಯಾಪ್‌ಶಾಟ್ ಬದಲಿಸುವ ಕೆಲಸವನ್ನಂತೂ ಟೈಮರ್‌ಗೆ ಕೊಡಲೇಬೇಡಿ.

"ಗಡುವು ಮುಗಿದ ಪ್ಯಾಕೇಜನ್ನು ತಾನಾಗೇ ಅಳಿಸಿಬಿಡು" ಅನ್ನುವ ನಿಯಮ ಇಡುವವರೂ ಇದ್ದಾರೆ. ಒಂದನ್ನು ಅಳಿಸಿದರೆ ಅದನ್ನು ನೆಚ್ಚಿಕೊಂಡವೆಲ್ಲ ಬೀಳುತ್ತವೆ. ದೊಡ್ಡವರು ಇದನ್ನು ಹೇಗೆ ನಡೆಸುತ್ತಾರೆ ನೋಡಿ. ಜೆಂಟೂದಲ್ಲಿ ತೆಗೆಯಬೇಕಾದ ಪ್ಯಾಕೇಜನ್ನು ಮೊದಲು ಮಾಸ್ಕ್ ಮಾಡಿ, ಎಲ್ಲರಿಗೂ ತಿಳಿಸಿ, ಸಾಮಾನ್ಯವಾಗಿ 30 ದಿನ ಕಾಯುತ್ತಾರೆ. ಡೆಬಿಯನ್‌ನ ಟೆಸ್ಟಿಂಗ್‌ನಲ್ಲಿ, ಅಂದರೆ ಮುಂದಿನ ಸ್ಟೇಬಲ್ ತಯಾರಾಗುವ ಕಣಜದಲ್ಲಿ, ಗಂಭೀರ ದೋಷವಿರುವ ಪ್ಯಾಕೇಜನ್ನು ತಾನಾಗೇ ತೆಗೆಯುವ ವ್ಯವಸ್ಥೆ ನಿಜಕ್ಕೂ ಇದೆ. ಆದರೆ ಅದು ಮುಂಚೆಯೇ ಮೇಲ್ ಮಾಡಿ ಎಚ್ಚರಿಸುತ್ತದೆ. ಅದನ್ನು ನೆಚ್ಚಿಕೊಂಡ ಪ್ಯಾಕೇಜಿನವರಿಗೂ ಹೇಳುತ್ತದೆ. ಮುಖ್ಯ ಪ್ಯಾಕೇಜುಗಳ ಒಂದು ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಅಷ್ಟೆಲ್ಲ ಕಾವಲು ಕಟ್ಟಲು ನಮಗೆ ಪುರುಸೊತ್ತಿಲ್ಲ ಅಂದರೆ, ಅಳಿಸುವ ಕೆಲಸ ಕೈಯಲ್ಲೇ ಮಾಡೋಣ.

ಹಂತ 8: ಹಳೆಯ ಬೀಗ, ಹಳೆಯ ಟೈಮರ್ ಹುಡುಕಿ

ಇದನ್ನು ಇವತ್ತೇ ಮಾಡಬಹುದು. ಶೋಹೋಲ್ಡ್ ಕೊಟ್ಟು ಬಂದ ಪ್ರತಿ ಹೆಸರಿಗೂ ಕಾರಣ ಗೊತ್ತಾ ನೋಡಿ. ಗೊತ್ತಿಲ್ಲದ್ದನ್ನು ತಕ್ಷಣ ತೆಗೆಯಬೇಡಿ. ಯಾರೋ ಒಂದು ತೊಂದರೆ ಕಂಡೇ ಹಾಕಿರುತ್ತಾರೆ. ನಿಮಗಿಂತ ಮುಂಚೆ ಆ ಮೆಷಿನ್ ನೋಡಿಕೊಂಡವರಿಗೆ ಫೋನ್ ಮಾಡಿ. ಗೊತ್ತಾಗದಿದ್ದರೆ ಫೈಲಿನಲ್ಲಿ "ಕಾರಣ ತಿಳಿಯದು" ಅಂತ ಬರೆದು, ಒಂದು ವಾರದ ಗಡುವು ಇಟ್ಟು, ಹಂತ 6ರಂತೆ ಪ್ರಯೋಗದ ಮೆಷಿನ್‌ನಲ್ಲಿ ತೆಗೆದು ನೋಡಿ.

ಆಮೇಲೆ ಕ್ರಾನ್‌ಟ್ಯಾಬ್ ಅಡ್ಡಗೆರೆ ಎಲ್ ಕೊಟ್ಟು ಕ್ರಾನ್ ಸಾಲುಗಳನ್ನು ನೋಡಿ. ಇದನ್ನು ಸುಡೊ ಸೇರಿಸಿಯೂ ಒಂದು ಸಲ, ಸೇರಿಸದೆಯೂ ಒಂದು ಸಲ ಕೊಡಬೇಕು. ಎರಡರ ಪಟ್ಟಿ ಬೇರೆ ಬೇರೆ. ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ ಕೊಟ್ಟು ಟೈಮರ್‌ಗಳನ್ನೂ, ಇಟಿಸಿ ಫೋಲ್ಡರಿನೊಳಗೆ ಕ್ರಾನ್ ಅಂತ ಶುರುವಾಗುವ ಫೋಲ್ಡರುಗಳನ್ನೂ ನೋಡಿ. ಅನ್‌ಹೋಲ್ಡ್ ಅನ್ನುವ ಪದ ಎಲ್ಲಿ ಸಿಕ್ಕಿದರೂ ಆ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ನಿಲ್ಲಿಸಿ. ಅದರಲ್ಲಿದ್ದ ತಾರೀಖನ್ನು ನಿಮ್ಮ ಕ್ಯಾಲೆಂಡರಿಗೆ ಬರೆದುಕೊಳ್ಳಿ.